ಪ್ಯಾನೆಲ್ ಪಿಸಿ ಕೆಟ್ಟಿದೆ ಅನ್ನುವ ಮುಂಚೆ 24 ವೋಲ್ಟ್ ಅಳೆಯಿರಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಮಿಲ್ಲುಗಳಲ್ಲಿ ಈಗ ಟಚ್ ಸ್ಕ್ರೀನ್ ಇಲ್ಲದ ಮಷೀನ್ ಕಡಿಮೆ. ಡ್ರೈಯರ್, ಕಲರ್ ಸಾರ್ಟರ್, ಚೀಲ ತುಂಬುವ ತೂಕದ ಮಷೀನ್, ಎಲ್ಲದರ ಕಂಟ್ರೋಲ್ ಪ್ಯಾನೆಲಿನ ಬಾಗಿಲ ಮೇಲೂ ಒಂದು ಸ್ಕ್ರೀನ್ ಕೂತಿರುತ್ತದೆ. ಕೆಲವು ಬರೀ ಎಚ್‌ಎಂಐ, ಅಂದರೆ ಮಷೀನಿಗೆ ಆಜ್ಞೆ ಕೊಡುವ, ಅದರ ಸ್ಥಿತಿ ತೋರಿಸುವ ಸ್ಕ್ರೀನ್ ಅಷ್ಟೇ. ಕೆಲವು ಒಳಗೆ ವಿಂಡೋಸ್ ಓಡಿಸುವ ಪೂರ್ತಿ ಕಂಪ್ಯೂಟರ್. ಇವನ್ನೇ ಪ್ಯಾನೆಲ್ ಪಿಸಿ ಅನ್ನುತ್ತೇವೆ. ನನ್ನ ಕೆಲಸ ಇವುಗಳ ಸರ್ವಿಸ್. ಹುಬ್ಬಳ್ಳಿಯಿಂದ ಹೊರಟು ಮಿಲ್ಲು, ಫೌಂಡ್ರಿ, ಪ್ಯಾಕಿಂಗ್ ಯೂನಿಟ್ ಅಂತ ಸುತ್ತುತ್ತಿರುತ್ತೇನೆ.

"ಸ್ಕ್ರೀನ್ ಹೋಗಿದೆ" ಅಂತ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಕ್ರೀನ್ ಚೆನ್ನಾಗೇ ಇರುತ್ತದೆ. ಅದಕ್ಕೆ ಬರುವ ಸಪ್ಲೈ ಸರಿ ಇರುವುದಿಲ್ಲ, ಇಲ್ಲವೇ ಅರ್ಥಿಂಗ್ ಸರಿ ಇರುವುದಿಲ್ಲ. ಅಷ್ಟು ದುಬಾರಿ ಸಾಮಾನನ್ನು ಬದಲಾಯಿಸಿ, ಹೊಸದೂ ಅದೇ ರೀತಿ ಸತ್ತಾಗ ಮಾಲೀಕರ ಮುಖ ನೋಡೋಕಾಗಲ್ಲ. ಹಾಗಾಗಿ ಇಲ್ಲಿ ಸಪ್ಲೈ ಬಗ್ಗೆಯೇ ಜಾಸ್ತಿ ಬರೆಯುತ್ತಿದ್ದೇನೆ. ಮಿಲ್ಲಿನ ವೈರ್‌ಮನ್‌ಗಳು, ಮೇಂಟೆನೆನ್ಸ್ ಹುಡುಗರು, ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು ಓದಲಿ ಅಂತ.

ಬಾಗಿಲು ತೆಗೆಯುವ ಮುಂಚೆ

ಪ್ಯಾನೆಲ್ ಪಿಸಿಗೆ ಸಾಮಾನ್ಯವಾಗಿ ಬರುವುದು 24 ವೋಲ್ಟ್ ಡಿಸಿ. ಅದು ಒಣ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಅದೇ ಕಂಟ್ರೋಲ್ ಪ್ಯಾನೆಲ್ ಒಳಗೆ, ಒಂದು ಗೇಣು ಆಚೆ, 415 ವೋಲ್ಟಿನ ಟರ್ಮಿನಲ್‌ಗಳಿರುತ್ತವೆ. "ಬರೀ 24 ವೋಲ್ಟ್ ಕೆಲಸ ಅಲ್ವಾ" ಅಂತ ಮೇನ್ ಆಫ್ ಮಾಡದೆ ಕೈ ಹಾಕಬೇಡಿ. ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಮುಗಿಯಿತು.

ಐಸೊಲೇಟರ್ (ಪ್ಯಾನೆಲಿಗೆ ಬರುವ ಕರೆಂಟ್ ಕಡಿಯುವ ಮೇನ್ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಬೀಗ ಹಾಕುವ ಅನುಕೂಲ ಇಲ್ಲದಿದ್ದರೆ ಫ್ಯೂಸ್ ಕಿತ್ತು ಹತ್ತಿರ ಇಟ್ಟುಕೊಳ್ಳಿ, "ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ" ಅಂತ ಬೋರ್ಡ್ ತೂಗುಹಾಕಿ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಮೀಟರ್ ಕೆಲಸ ಮಾಡುತ್ತಿದೆಯಾ ನೋಡಿ. ಆಮೇಲೆ ನೀವು ಕೈ ಹಾಕುವ ಜಾಗ. ಮತ್ತೆ ಮೊದಲಿನ ಜಾಗ. ಲೈಟ್ ಹತ್ತುವ ಟೆಸ್ಟರ್ ಒಂದನ್ನೇ ನಂಬಿ ಕೆಲಸ ಶುರು ಮಾಡಬೇಡಿ.

ಇನ್ನೆರಡು ವಿಷಯ ಜನ ಮರೆಯುತ್ತಾರೆ. ಐಸೊಲೇಟರ್ ಆಫ್ ಆದರೂ ಅದರ ಇನ್‌ಕಮಿಂಗ್ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮತ್ತೆ ಯುಪಿಎಸ್‌ನಿಂದ ಬೇರೆ ಲೈನ್ ಬಂದಿದ್ದರೆ ಮೇನ್ ಆಫ್ ಮಾಡಿದರೂ ಅದು ಸಾಯುವುದಿಲ್ಲ. ಎಸ್‌ಎಂಪಿಎಸ್ (230 ವೋಲ್ಟ್ ಎಸಿಯನ್ನು 24 ವೋಲ್ಟ್ ಡಿಸಿ ಮಾಡುವ ಸಪ್ಲೈ ಡಬ್ಬ) ಬಿಚ್ಚುವುದಾದರೆ ಆಫ್ ಮಾಡಿ ಐದು ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರ್ ಖಾಲಿಯಾಗಬೇಕು.

24 ವೋಲ್ಟ್ ಅನ್ನು ಎಲ್ಲಿ, ಯಾವಾಗ ಅಳೆಯಬೇಕು

ಗಂಗಾವತಿ ಹತ್ತಿರದ ಒಂದು ಮಿಲ್ಲಿನಲ್ಲಿ ಚೀಲ ತುಂಬುವ ಮಷೀನಿನ ಪ್ಯಾನೆಲ್ ಪಿಸಿ ದಿನಕ್ಕೆ ಹಲವು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. ಅಲ್ಲಿನ ವೈರ್‌ಮನ್ ಹೇಳಿದ್ದು: "ಸರ, ವೋಲ್ಟೇಜ್ ಬರೋಬ್ಬರಿ ಐತ್ರಿ, ಸ್ಕ್ರೀನೇ ಹೋಗೇತಿ, ಹೊಸಾದು ತರಸ್ರಿ." ಅವರ ಮೀಟರ್ 24.1 ತೋರಿಸುತ್ತಿತ್ತು. ಸುಳ್ಳಲ್ಲ. ಆದರೆ ಅವರು ಅಳೆದಿದ್ದು ಎಸ್‌ಎಂಪಿಎಸ್ ಹತ್ತಿರ, ಅದೂ ಮಷೀನ್ ನಿಂತಿದ್ದಾಗ.

ನಾವು ಪ್ಯಾನೆಲ್ ಪಿಸಿಯ ಬೆನ್ನಿಗಿರುವ ಹಸಿರು ಕನೆಕ್ಟರ್‌ನಲ್ಲೇ ಪ್ರೋಬ್ ಇಟ್ಟೆವು. ಮೀಟರ್ ಅನ್ನು ಅತಿ ಕಡಿಮೆ, ಅತಿ ಹೆಚ್ಚು ರೀಡಿಂಗ್ ನೆನಪಿಡುವ ಮಿನ್-ಮ್ಯಾಕ್ಸ್ ಮೋಡ್‌ಗೆ ಹಾಕಿ, ಮಷೀನ್ ಓಡಿಸಲು ಹೇಳಿದೆ. ಚೀಲದ ಕ್ಲ್ಯಾಂಪ್ ಮುಚ್ಚುವಾಗ, ಗೇಟ್ ತೆರೆಯುವಾಗ, ಸಾಲಾಗಿ ಸೊಲೆನಾಯ್ಡ್ ವಾಲ್ವ್‌ಗಳು (ಕಾಯಿಲ್‌ಗೆ ಕರೆಂಟ್ ಕೊಟ್ಟು ತೆರೆದು ಮುಚ್ಚುವ ವಾಲ್ವ್‌ಗಳು) ಟಕ್ ಟಕ್ ಅನ್ನುತ್ತವೆ. ಐದಾರು ಚೀಲ ತುಂಬುವಷ್ಟರಲ್ಲಿ ಮೀಟರಿನ ಮಿನ್ ರೀಡಿಂಗ್ 18ಕ್ಕಿಂತ ಕೆಳಗೆ ಬಂದಿತ್ತು. ಪಿಸಿಯ ಲೇಬಲ್ ಮೇಲೆ 19.2ರಿಂದ 28.8 ವೋಲ್ಟ್ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಸಾಮಾನ್ಯ ಮೀಟರ್ ಅಷ್ಟು ಚುರುಕಲ್ಲ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದುಹೋಗುವ ಇಳಿತವನ್ನು ಅದು ಪೂರ್ತಿ ಹಿಡಿಯುವುದಿಲ್ಲ. ಅಂದರೆ ನಿಜವಾದ ಇಳಿತ ಇನ್ನೂ ಜಾಸ್ತಿ ಇದ್ದಿರಬೇಕು. ಪಿಸಿಗೆ ಏನೂ ಆಗಿರಲಿಲ್ಲ. ಸಪ್ಲೈ ಸಾಲದೆ ಒದ್ದಾಡುತ್ತಿತ್ತು, ಅಷ್ಟೇ.

ಮಾಡಿದ ರಿಪೇರಿ ಮೂರು. ಒಂದು, ಪಿಸಿಗೇ ಅಂತ ಬೇರೆ ಎಸ್‌ಎಂಪಿಎಸ್. ವಾಲ್ವ್, ರಿಲೇ, ಕಾಂಟ್ಯಾಕ್ಟರ್ ಕಾಯಿಲ್‌ಗಳು ಹಳೆಯದರಲ್ಲೇ ಉಳಿದವು. ಎರಡು, ಡಯೋಡ್. ವಾಲ್ವ್ ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ಅದು ಉಲ್ಟಾ ದಿಕ್ಕಿನಲ್ಲಿ ನೂರಾರು ವೋಲ್ಟಿನ ಸ್ಪೈಕ್ ಎಸೆಯುತ್ತದೆ. ಪ್ರತಿ ಡಿಸಿ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿದರೆ ಸ್ಪೈಕ್ ಅಲ್ಲೇ ಸಾಯುತ್ತದೆ. ಡಯೋಡಿನ ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ ಬರಬೇಕು. ಉಲ್ಟಾ ಹಾಕಿದರೆ ನೇರ ಶಾರ್ಟ್. ಡಯೋಡ್ ಒಳಗೇ ಇರುವ ವಾಲ್ವ್ ಪ್ಲಗ್‌ಗಳೂ ಸಿಗುತ್ತವೆ, ಹೊಸದಾಗಿ ಕೊಳ್ಳುವಾಗ ಅವನ್ನೇ ಕೇಳಿ. ಮೂರನೆಯದು ವೈರ್.

ವೈರ್ ಲೆಕ್ಕ ಸುಲಭ, ಆದರೆ ಮಾಡುವವರು ಕಡಿಮೆ. 1 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.02 ಓಮ್ ರೆಸಿಸ್ಟೆನ್ಸ್. ಎಸ್‌ಎಂಪಿಎಸ್‌ನಿಂದ ಪಿಸಿ 25 ಮೀಟರ್ ದೂರ ಇದೆ ಅಂದುಕೊಳ್ಳಿ. ಹೋಗಿ ಬರುವುದು 50 ಮೀಟರ್, ಅಂದರೆ 1 ಓಮ್. ಪಿಸಿ 3 ಆಂಪ್ ಎಳೆದರೆ ದಾರಿಯಲ್ಲೇ 3 ವೋಲ್ಟ್ ಖಾಲಿ. 24 ಹೊರಟಿದ್ದು 21 ಆಗಿ ತಲುಪುತ್ತದೆ. ಅದೇ 2.5 ಚದರ ಮಿಲಿಮೀಟರ್ ವೈರ್ ಹಾಕಿದರೆ ನಷ್ಟ 1.2 ವೋಲ್ಟ್ ಮಾತ್ರ. ಸಾಧ್ಯ ಇದ್ದರೆ ಎಸ್‌ಎಂಪಿಎಸ್ ಅನ್ನೇ ಪಿಸಿ ಹತ್ತಿರ ತನ್ನಿ, ಉದ್ದಕ್ಕೆ 230 ವೋಲ್ಟ್ ಎಳೆಯಿರಿ. ಎಸ್‌ಎಂಪಿಎಸ್‌ನ ಪುಟ್ಟ ಸ್ಕ್ರೂ ತಿರುಗಿಸಿ 28 ವೋಲ್ಟಿಗೆ ಏರಿಸಿಬಿಡುವುದು ಪರಿಹಾರ ಅಲ್ಲ. ಲೋಡ್ ಇಳಿದಾಗ ಅಷ್ಟೂ ವೋಲ್ಟೇಜ್ ಪಿಸಿಯ ತಲೆ ಮೇಲೆ ಕೂರುತ್ತದೆ.

ಎಸ್‌ಎಂಪಿಎಸ್ ಎಷ್ಟು ದೊಡ್ಡದು ಬೇಕು? ಪಿಸಿ ಲೇಬಲ್‌ನಲ್ಲಿ 60 ವ್ಯಾಟ್ ಅಂತಿದ್ದರೆ 24 ವೋಲ್ಟಿಗೆ ಅದು 2.5 ಆಂಪ್. ನಾನು 5 ಆಂಪಿನದನ್ನೇ ಹಾಕಿಸುತ್ತೇನೆ. ಆನ್ ಮಾಡಿದ ತಕ್ಷಣ ಪಿಸಿ ಒಂದು ಕ್ಷಣ ಲೇಬಲ್‌ಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಬಿಸಿಲು ಕಾಲದಲ್ಲಿ ಕಂಟ್ರೋಲ್ ಪ್ಯಾನೆಲ್ ಒಳಗೆ ಕಾವು ಏರಿದರೆ ಎಸ್‌ಎಂಪಿಎಸ್ ತನ್ನ ಪೂರ್ತಿ ಆಂಪ್ ಕೊಡಲಾರದು. ಈ ಎರಡಕ್ಕೂ ಜಾಗ ಬಿಡಬೇಕು.

ಫ್ಯೂಸ್ ವಿಷಯದಲ್ಲಿ ಒಂದು ಮಾತು. 5 ಆಂಪಿನ ಎಸ್‌ಎಂಪಿಎಸ್‌ನ 24 ವೋಲ್ಟ್ ಕಡೆ 6 ಆಂಪಿನ ಎಂಸಿಬಿ ಹಾಕಿ ನಿಶ್ಚಿಂತೆಯಾಗಿರುವವರನ್ನು ನೋಡಿದ್ದೇನೆ. ಶಾರ್ಟ್ ಆದಾಗ ಎಸ್‌ಎಂಪಿಎಸ್ ತನ್ನ ಕರೆಂಟನ್ನು ತಾನೇ ಕಟ್ಟಿಹಾಕುತ್ತದೆ. ಎಂಸಿಬಿ ಟ್ರಿಪ್ ಆಗುವಷ್ಟು ಕರೆಂಟ್ ಹರಿಯುವುದೇ ಇಲ್ಲ. ಪಿಸಿಯ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ರೇಟಿಂಗಿನ ಫ್ಯೂಸನ್ನು ಫ್ಯೂಸ್ ಟರ್ಮಿನಲ್‌ನಲ್ಲಿ, ಪ್ಲಸ್ ಲೈನಿಗೆ ಹಾಕಿ.

ವೈರ್ ತುದಿಗೆ ಲಗ್ಸ್ (ಎಳೆಗಳನ್ನು ಹಿಡಿದಿಡುವ ಲೋಹದ ತುದಿ) ಒತ್ತಿಯೇ ಟರ್ಮಿನಲ್‌ಗೆ ಹಾಕಿ. ಬರೀ ಎಳೆಗಳನ್ನು ತಿರುಚಿ ತುರುಕಿದರೆ ಮಷೀನಿನ ಅದುರಾಟಕ್ಕೆ ಸಡಿಲವಾಗುತ್ತದೆ, ಒಂದು ಎಳೆ ಪಕ್ಕದ ಟರ್ಮಿನಲ್‌ಗೂ ತಾಗಬಹುದು. ಕನೆಕ್ಟರನ್ನು ಪಿಸಿಗೆ ಚುಚ್ಚುವ ಮುಂಚೆ ಸಪ್ಲೈ ಆನ್ ಮಾಡಿ ಪ್ಲಸ್, ಮೈನಸ್ ಮೀಟರಿನಲ್ಲಿ ನೋಡಿ. ಎಲ್ಲಾ ಕಂಪನಿಯವೂ ಉಲ್ಟಾ ಸಪ್ಲೈ ತಡೆದುಕೊಳ್ಳುವುದಿಲ್ಲ. ನೋಡಿದ ಮೇಲೆ ಆಫ್ ಮಾಡಿ, ಚುಚ್ಚಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ಆನ್.

230 ವೋಲ್ಟ್ ಕಡೆಯ ಕಥೆ

ಎಸ್‌ಎಂಪಿಎಸ್‌ಗಳು ಸಾಮಾನ್ಯವಾಗಿ 85ರಿಂದ 264 ವೋಲ್ಟ್ ಎಸಿ ತಡೆದುಕೊಳ್ಳುತ್ತವೆ. ಹಾಗಾಗಿ ವೋಲ್ಟೇಜ್ ಕಡಿಮೆ ಬಂದರೆ ಅವಕ್ಕೆ ತೊಂದರೆ ಇಲ್ಲ. ಕೊಲ್ಲುವುದು ನ್ಯೂಟ್ರಲ್. ಮೂರು ಫೇಸಿನ ಮಿಲ್ಲಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಇಳಿದು ಇನ್ನೊಂದರಲ್ಲಿ 300, 350ರ ಮೇಲೂ ಹೋಗಬಹುದು. ಎಸ್‌ಎಂಪಿಎಸ್ ಸುಟ್ಟ ವಾಸನೆ ಬಂತು ಅಂದರೆ ಹೊಸದು ಹಾಕುವ ಮುಂಚೆ ನ್ಯೂಟ್ರಲ್ ಬಿಗಿ ಇದೆಯಾ ನೋಡಿಸಿ.

ಇಲ್ಲಿ ಬಹಳ ಜನ ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇವಲ್ಲ ಅನ್ನುತ್ತಾರೆ. ಅದು ಸಿಡಿಲು, ಸ್ವಿಚಿಂಗ್‌ನಿಂದ ಬರುವ ಕ್ಷಣಮಾತ್ರದ ಹೊಡೆತಕ್ಕೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅದು ಬೇಕೇ ಬೇಕು. ಆದರೆ ನಿಮಿಷಗಟ್ಟಲೆ ನಿಲ್ಲುವ 350 ವೋಲ್ಟಿಗೆ ಅದೇ ಸುಟ್ಟುಹೋಗುತ್ತದೆ. ಅದಕ್ಕೆ ಓವರ್-ಅಂಡರ್ ವೋಲ್ಟೇಜ್ ರಿಲೇ ಬೇಕು. ವೋಲ್ಟೇಜ್ ಮಿತಿ ದಾಟಿದರೆ ಅದು ಲೈನನ್ನೇ ಕತ್ತರಿಸುತ್ತದೆ. ಎರಡೂ ಹಾಕಿಸಿ. ಪಿಸಿಯ ಬೆಲೆ ಮುಂದೆ ಇವೆರಡರ ಬೆಲೆ ಏನೇನೂ ಅಲ್ಲ.

ಕರೆಂಟ್ ಹೋಗಿ ಜನರೇಟರ್ ಬರುವಾಗ ಇನ್ನೊಂದು ತೊಂದರೆ. ಶುರುವಿನಲ್ಲಿ ಜನರೇಟರಿನ ವೋಲ್ಟೇಜ್ ಸ್ಥಿರವಾಗಿರುವುದಿಲ್ಲ. ಅಷ್ಟರಲ್ಲೇ ದೊಡ್ಡ ಮೋಟರ್ ಸ್ಟಾರ್ಟ್ ಮಾಡಿದರೆ ಮತ್ತೆ ಕುಸಿಯುತ್ತದೆ. ಪಿಸಿ ಆನ್, ಆಫ್, ಆನ್ ಆಗಿ ವಿಂಡೋಸ್ ಫೈಲುಗಳು ಹಾಳಾಗುವುದು ಇಲ್ಲೇ. ಪಿಸಿಯ ಸಪ್ಲೈಗೆ, ಕರೆಂಟ್ ಬಂದು ಸ್ವಲ್ಪ ಹೊತ್ತಾದ ಮೇಲೆ ಲೈನ್ ಕೊಡುವ ಒಂದು ಆನ್-ಡಿಲೇ ಟೈಮರ್ ಹಾಕಿ, 30 ಸೆಕೆಂಡಿಗೆ ಸೆಟ್ ಮಾಡಿ. ಕೈಯಾರೆ ಆಫ್ ಮಾಡಿದಾಗಲೂ ಮತ್ತೆ ಆನ್ ಮಾಡುವ ಮುಂಚೆ ಕಡಿಮೆ ಅಂದರೂ 10 ಸೆಕೆಂಡ್ ಬಿಡಿ.

ಇನ್ನೂ ಒಳ್ಳೆಯದು ಡಿಸಿ ಯುಪಿಎಸ್. ಎಸ್‌ಎಂಪಿಎಸ್ ಮತ್ತು ಪಿಸಿ ನಡುವೆ ಕೂರುತ್ತದೆ. ಕೊಳ್ಳುವಾಗ ಎಷ್ಟು ನಿಮಿಷ ಬರುತ್ತದೆ ಅಂತ ಮಾತ್ರ ಕೇಳಬೇಡಿ. ಕರೆಂಟ್ ಹೋಗಿದೆ ಅಂತ ಪಿಸಿಗೆ ತಿಳಿಸುವ ಯುಎಸ್‌ಬಿ ಅಥವಾ ರಿಲೇ ಕಾಂಟ್ಯಾಕ್ಟ್ ಇದೆಯಾ ಕೇಳಿ. ಆ ಸುದ್ದಿ ತಲುಪದಿದ್ದರೆ ಪಿಸಿ ತನ್ನಷ್ಟಕ್ಕೆ ಶಟ್‌ಡೌನ್ ಆಗುವುದಿಲ್ಲ, ಬ್ಯಾಟರಿ ಮುಗಿದ ಮೇಲೆ ದಬಕ್ಕನೆ ಸಾಯುತ್ತದೆ. ಯುಪಿಎಸ್ ಹಾಕಿದ ದಿನವೇ ಮೇನ್ ತೆಗೆದು, ಪಿಸಿ ಸರಿಯಾಗಿ ಶಟ್‌ಡೌನ್ ಆಯಿತಾ ಅಂತ ನಿಂತು ನೋಡಿ.

ಅರ್ಥಿಂಗ್

ಪಿಸಿಯ ಬೆನ್ನಿಗೆ ಅರ್ಥ್ ಗುರುತಿನ ಒಂದು ಸ್ಕ್ರೂ ಇರುತ್ತದೆ. ನಾನು ನೋಡಿದ ಎಷ್ಟೋ ಕಡೆ ಅದು ಖಾಲಿ. ಹಸಿರು-ಹಳದಿ ವೈರ್, 2.5 ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ್ದು, ಅಲ್ಲಿಂದ ಕಂಟ್ರೋಲ್ ಪ್ಯಾನೆಲಿನ ಅರ್ಥ್ ಬಾರ್‌ಗೆ ನೇರ ಹೋಗಬೇಕು. ಆದಷ್ಟು ಗಿಡ್ಡ ಇರಲಿ, ಸುರುಳಿ ಸುತ್ತಿ ಇಡಬೇಡಿ. ಪಿಸಿ ಕೂತಿರುವುದು ಬಾಗಿಲ ಮೇಲೆ. ಬಾಗಿಲ ಹಿಂಜು ಅರ್ಥ್ ಕೊಡುವುದಿಲ್ಲ. ಅದರ ಮೇಲೆ ಪೇಂಟ್, ಗ್ರೀಸು, ತುಕ್ಕು ಇರುತ್ತದೆ. ಬಾಗಿಲಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಹಾಕಿ. ಸ್ಕ್ರೂ ಕೂರುವ ಜಾಗದಲ್ಲಿ ಪೇಂಟ್ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಪಟ್ಟಿ ಸುಮ್ನೆ ಅಲಂಕಾರಕ್ಕೆ.

ಪರೀಕ್ಷೆ ಹೀಗೆ. ಸಪ್ಲೈ ಆನ್ ಇದ್ದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ. 10, 15 ತೋರಿಸಿದರೆ ಪಿಸಿ ಕೆಲಸ ಅಲ್ಲಿಗೇ ನಿಲ್ಲಿಸಿ, ಮಿಲ್ಲಿನ ಅರ್ಥಿಂಗ್, ನ್ಯೂಟ್ರಲ್ ಎರಡನ್ನೂ ಲೈಸೆನ್ಸ್ ಇರುವವರಿಂದ ನೋಡಿಸಿ.

ಲ್ಯಾಪ್‌ಟಾಪ್ ಹಚ್ಚುವವರಿಗೆ ಇದು ಮುಖ್ಯ: ಎರಡು ಬೇರೆ ಜಾಗದ ಅರ್ಥ್‌ಗಳ ನಡುವೆ ವೋಲ್ಟೇಜ್ ಇದ್ದರೆ ಅದು ನಿಮ್ಮ ಡೇಟಾ ಕೇಬಲಿನಲ್ಲಿ ಹರಿಯುತ್ತದೆ. ಸೀರಿಯಲ್ ಪೋರ್ಟ್, ಯುಎಸ್‌ಬಿ ಪೋರ್ಟ್ ಸುಡುವುದು ಹೀಗೇ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಇಟ್ಟುಕೊಂಡು ಕೇಬಲ್ ಹಚ್ಚಿ, ಇಲ್ಲವೇ ಎರಡು ಕಡೆಯನ್ನೂ ವಿದ್ಯುತ್ತಿನಿಂದ ಬೇರ್ಪಡಿಸುವ (ಐಸೊಲೇಟೆಡ್) ಅಡಾಪ್ಟರ್ ಬಳಸಿ. ಸೀರಿಯಲ್ ಕೇಬಲನ್ನು ಎರಡೂ ಕಡೆ ಆಫ್ ಮಾಡಿಯೇ ಚುಚ್ಚಿ. ಡೇಟಾ ಕೇಬಲ್ ಮತ್ತು ಡ್ರೈವ್‌ನಿಂದ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಮೋಟರ್‌ಗೆ ಹೋಗುವ ಕೇಬಲ್ ಒಂದೇ ಟ್ರೇನಲ್ಲಿ ಜೊತೆಗೆ ಓಡದಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಮಷೀನಿನ ಬಾಡಿಗೆ ವೆಲ್ಡಿಂಗ್ ಮಾಡುವ ದಿನ ಪಿಸಿಯ ಸಪ್ಲೈ, ಡೇಟಾ, ಅರ್ಥ್ ಎಲ್ಲಾ ಕೇಬಲ್ ಬಿಚ್ಚಿಡಿ. ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪ್ ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಹಿಡಿಸಿ. ದೂರದ ಕಂಬಕ್ಕೆ ಹಿಡಿಸಿದರೆ ನೂರಾರು ಆಂಪ್ ಯಾವ ದಾರಿ ಹಿಡಿಯುತ್ತದೋ ಹೇಳೋಕಾಗಲ್ಲ.

ಎತ್ತುವುದು, ಕೂರಿಸುವುದು, ಒರೆಸುವುದು

15 ಇಂಚಿನ ಪ್ಯಾನೆಲ್ ಪಿಸಿ ಒಬ್ಬರೇ ಎತ್ತಬಹುದು. 21 ಇಂಚಿನದಕ್ಕೆ ಇಬ್ಬರು ಬೇಕು, ಅದರಲ್ಲೂ ಕ್ಲ್ಯಾಂಪ್ ಬಿಚ್ಚುವಾಗ. ಹಿಂದಿನಿಂದ ಕೊನೆಯ ಕ್ಲ್ಯಾಂಪ್ ಸಡಿಲವಾದ ತಕ್ಷಣ ಅದು ಮುಂದಕ್ಕೆ ಬೀಳುತ್ತದೆ. ಮುಂದೆ ಒಬ್ಬರು ಹಿಡಿದು ನಿಂತಿರಲಿ. ಫ್ಯಾನ್ ಇಲ್ಲದ ಪಿಸಿಯ ಬೆನ್ನು ಆಫ್ ಮಾಡಿದ ಮೇಲೂ ಸುಡುತ್ತಿರುತ್ತದೆ, ಸ್ವಲ್ಪ ಹೊತ್ತು ಆರಲು ಬಿಡಿ. ಕೆಳಗಿಡುವಾಗ ಗಾಜು ಕೆಳಗಾಗಿ ಬರೀ ಟೇಬಲ್ ಮೇಲೆ ಬೇಡ. ಒಂದು ಸಣ್ಣ ಸ್ಕ್ರೂ ಅಡಿಗೆ ಸಿಕ್ಕಿದರೂ ಗಾಜು ಬಿರುಕು ಬಿಡುತ್ತದೆ. ಬಂದ ಡಬ್ಬ, ಫೋಮ್ ಎಸೆಯಬೇಡಿ. ರಿಪೇರಿಗೆ ಕಳಿಸುವಾಗ ಬೇಕಾಗುತ್ತದೆ.

ಹೊಸದಕ್ಕೆ ಬಾಗಿಲು ಕತ್ತರಿಸುವುದಾದರೆ ಪಿಸಿ ಡಬ್ಬದಲ್ಲೇ ಇರಲಿ, ಪ್ಯಾನೆಲ್ ಒಳಗಿನ ಸಾಮಾನಿನ ಮೇಲೆ ಬಟ್ಟೆ ಮುಚ್ಚಿ. ಕಬ್ಬಿಣದ ಪುಡಿ ಗಾಳಿ ತೂತಿನಿಂದ ಒಳಗೆ ಹೋದರೆ ಇಂದಲ್ಲ ನಾಳೆ ಶಾರ್ಟ್ ಆಗುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಕ್ಲ್ಯಾಂಪ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ. ಜಾಸ್ತಿ ಬಿಗಿದರೆ ಫ್ರೇಮ್ ಬಾಗಿ, ಒತ್ತಿದ ಜಾಗ ಒಂದು, ಟಚ್ ಆಗುವ ಜಾಗ ಇನ್ನೊಂದು ಆಗುತ್ತದೆ. ಐಪಿ65 (ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು) ಅಂತ ಬರೆದಿರುವುದು ಮುಂಭಾಗಕ್ಕೆ ಮಾತ್ರ, ಅದೂ ಗ್ಯಾಸ್ಕೆಟ್ ಸರಿಯಾಗಿ ಕೂತಿದ್ದರೆ. ಬೆನ್ನಿಗೆ ಸಾಮಾನ್ಯವಾಗಿ ಐಪಿ20, ಅಂದರೆ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಪ್ರೆಶರ್ ವಾಷರ್ ಹಿಡಿಯುವುದಂತೂ ಮುಂಭಾಗಕ್ಕೂ ಬೇಡ.

ಹಿಂದೆ, ಮೇಲೆ, ಕೆಳಗೆ ಗಾಳಿಗೆ ಜಾಗ ಬಿಡಿ. ಎಷ್ಟು ಅನ್ನುವುದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಹೆಚ್ಚಿನವುಗಳ ಮಿತಿ 50 ಡಿಗ್ರಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42 ಇರುವಾಗ, ಡ್ರೈವ್‌ಗಳು ಕೂತ ಕಬ್ಬಿಣದ ಡಬ್ಬದೊಳಗೆ 50 ದಾಟುವುದು ಕಷ್ಟವೇನಲ್ಲ. ಕೈಯಲ್ಲಿ ಮುಟ್ಟಿ ಅಂದಾಜು ಮಾಡಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಮಂಗಳೂರು, ಕುಂದಾಪುರ ಕಡೆ ಬೇರೆ ಸಮಸ್ಯೆ. ಮಳೆಗಾಲದಲ್ಲಿ ಎಸಿ ರೂಮಿನಿಂದ ತಂದ ಪಿಸಿಯನ್ನು ತಕ್ಷಣ ಆನ್ ಮಾಡಿದರೆ ಒಳಗೆ ನೀರು ಹನಿಗಟ್ಟಿರುತ್ತದೆ. ಡಬ್ಬ ತೆರೆಯದೆ ಕೆಲವು ಗಂಟೆ ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ.

ಅಕ್ಕಿ ಮಿಲ್ಲಿನ ತೌಡಿನ ಧೂಳು ಹೀಟ್ ಸಿಂಕಿನ ಸಂದುಗಳಲ್ಲಿ ಹಿಟ್ಟಿನಂತೆ ಕೂರುತ್ತದೆ. ಕಂಪ್ರೆಸರ್ ಪೈಪ್ ಹಿಡಿದು ಊದುವುದು ಎಲ್ಲರ ಅಭ್ಯಾಸ. ಬೇಡ. ಆ ಗಾಳಿಯಲ್ಲಿ ನೀರು, ಎಣ್ಣೆ ಇರುತ್ತದೆ, ಧೂಳು ಪಿಸಿ ಒಳಕ್ಕೇ ಹೋಗುತ್ತದೆ. ಆಫ್ ಮಾಡಿ, ಮೆತ್ತನೆ ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರ್ ಬಳಸಿ. ಗಾಜಿಗೆ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಮಷೀನ್ ಓಡುತ್ತಿರುವಾಗ ಒರೆಸಲೇಬಾರದು. ಬಟ್ಟೆ ತಾಗಿ ಯಾವ ಬಟನ್ ಒತ್ತುತ್ತದೋ, ಯಾವ ಮೋಟರ್ ತಿರುಗುತ್ತದೋ! ಇದೇ ಕಾರಣಕ್ಕೆ ಎಮರ್ಜೆನ್ಸಿ ಸ್ಟಾಪ್ ಸ್ಕ್ರೀನಿನ ಮೇಲಿರುವ ಚಿತ್ರ ಆಗಿರಬಾರದು. ವೈರ್ ಎಳೆದ ಕೆಂಪು ಅಣಬೆ ಬಟನ್ ಆಗಿರಬೇಕು. ವಿಂಡೋಸ್ ಹ್ಯಾಂಗ್ ಆದರೂ ಮಷೀನ್ ನಿಲ್ಲಬೇಕು.

ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಪ್ಲ್ಯಾಂಟಿನವರಿಗೆ ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ಹೆಕ್ಸೇನ್ ಆವಿ ಇರುತ್ತದೆ, ಒಂದು ಕಿಡಿ ಸಾಕು. ಮಿಲ್ಲಿನಲ್ಲಿ ಚೆನ್ನಾಗಿ ಓಡುತ್ತಿದೆ ಅಂತ ಸಾಮಾನ್ಯ ಪ್ಯಾನೆಲ್ ಪಿಸಿಯನ್ನು ಅಲ್ಲಿಗೆ ತರಬೇಡಿ. ಅಂಥ ಜಾಗಕ್ಕೆ ಸರ್ಟಿಫಿಕೇಟ್ ಇರುವ ಬೇರೆ ಪಿಸಿಗಳಿವೆ. ಅವನ್ನೂ ಕರೆಂಟ್ ಇರುವಾಗ ಬಿಚ್ಚುವಂತಿಲ್ಲ.

ಒಳಗೆ ಕೈ ಹಾಕಬೇಕಾದರೆ

ರ‍್ಯಾಮ್, ಎಸ್‌ಎಸ್‌ಡಿ ಬದಲಾಯಿಸುವಾಗ ಸ್ಟ್ಯಾಟಿಕ್ ಶತ್ರು. ಚುರ್ ಅಂತ ನಮ್ಮ ಬೆರಳಿಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಇರಬೇಕು. ಚಿಪ್ ಹಾಳಾಗಲು ಕೆಲವೊಮ್ಮೆ 100 ವೋಲ್ಟೂ ಬೇಡ. ನಮಗೆ ಗೊತ್ತೇ ಆಗದೆ ಹಾಳಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಕಡೆ ಹವೆ ಒಣಗಿರುತ್ತದೆ, ಪಾಲಿಯೆಸ್ಟರ್ ಶರ್ಟ್ ಬೇರೆ. ಮಣಿಕಟ್ಟಿಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿ, ಕ್ಲಿಪ್ ಅನ್ನು ಅರ್ಥ್ ಆದ ಬಾಡಿಗೆ ಹಾಕಿ. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅದಿಲ್ಲದೆ ಬರೀ ವೈರ್ ಕಟ್ಟಿಕೊಂಡರೆ, ಇನ್ನೊಂದು ಕೈ ಕರೆಂಟಿಗೆ ತಾಗಿದಾಗ ಜೀವಕ್ಕೇ ಅಪಾಯ. ಬೋರ್ಡನ್ನು ಅಂಚು ಹಿಡಿದು ಎತ್ತಿ. ಬೆಳ್ಳಿ ಬಣ್ಣದ ಸ್ಟ್ಯಾಟಿಕ್ ಕವರ್ ಮೇಲೆ ಬೋರ್ಡ್ ಇಟ್ಟು ಆನ್ ಮಾಡಬೇಡಿ, ಅದರಲ್ಲಿ ಕರೆಂಟ್ ಹರಿಯುತ್ತದೆ.

ತೆರೆಯುವ ಮುಂಚೆ ಡಿಸ್ಕಿನ ಇಮೇಜ್ ಬ್ಯಾಕಪ್ ತೆಗೆಯಿರಿ, ಬಯೋಸ್‌ನ (ವಿಂಡೋಸ್ ಏಳುವ ಮುಂಚೆ ಓಡುವ ಸೆಟ್ಟಿಂಗ್ ಪ್ರೋಗ್ರಾಮ್) ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ಹಿಡಿಯಿರಿ. ಹೆಚ್ಚಿನವುಗಳೊಳಗೆ ಸಿಆರ್2032 ಅನ್ನುವ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ. ಅದು ಖಾಲಿಯಾದರೆ, ಅಥವಾ ನೀವು ಬದಲಾಯಿಸಿದರೆ, ಬಯೋಸ್ ಸೆಟ್ಟಿಂಗ್ ಫ್ಯಾಕ್ಟರಿಯದಕ್ಕೆ ಹೋಗಬಹುದು. ಆಗ ಡಿಸ್ಕ್ ಮೋಡ್, ಬೂಟ್ ಮೋಡ್ ಬದಲಾಗಿ ವಿಂಡೋಸ್ ಏಳುವುದಿಲ್ಲ. ಜನ ಎಸ್‌ಎಸ್‌ಡಿ ಹೋಯಿತು ಅಂತ ಬದಲಾಯಿಸುತ್ತಾರೆ. ಫೋಟೋ ನೋಡಿ ಸೆಟ್ಟಿಂಗ್ ಮತ್ತೆ ಹಾಕಿದರೆ ಪಿಸಿ ಏಳುತ್ತದೆ. ಮೊದಲ ಸುಳಿವು ತಾರೀಕು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ ಮುಗಿಯುತ್ತಾ ಬಂದಿದೆ.

ತೆಗೆದ ಹಳೆ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಬೆಂಕಿಗೆ ಹಾಕಬೇಡಿ, ಕಸದ ಬುಟ್ಟಿಗೂ ಬೇಡ. ಹಳೆ ಪಿಸಿ, ಎಸ್‌ಎಂಪಿಎಸ್‌ಗಳನ್ನು ಗುಜರಿಗೆ ತೂಕಕ್ಕೆ ಕೊಡುವ ಬದಲು ನೋಂದಾಯಿತ ಇ-ತ್ಯಾಜ್ಯ ರೀಸೈಕ್ಲರ್‌ಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಹೇಳುವುದೂ ಅದನ್ನೇ. ಕೊಡುವ ಮುಂಚೆ ಎಸ್‌ಎಸ್‌ಡಿ ತೆಗೆದಿಟ್ಟುಕೊಳ್ಳಿ, ನಿಮ್ಮ ಮಷೀನಿನ ಪ್ರೋಗ್ರಾಮ್ ಅದರಲ್ಲೇ ಇರುತ್ತದೆ.